ನಮ್ಮ ಬೆಟ್ಟದ ಮಳೆಯನ್ನು ಅಳೆದವರು ಯಾರು? ಹವಾಮಾನ ನಕ್ಷೆ ಬರೆಯುವವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಭಾರತ ಹವಾಮಾನ ಇಲಾಖೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಗೂ ರಾಜ್ಯದ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಹೊಣೆ ಹೊತ್ತಿರುವ ಎಲ್ಲರಿಗೂ,

ಮಾನ್ಯರೇ,

ನಮ್ಮ ಮನೆಯ ಕಾಫಿ ಕಣದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ನನ್ನ ಅಜ್ಜ ಇಡಿಸಿದ್ದು. ಐದಿಂಚು ಬಾಯಿಯ ಆಲಿಕೆ, ಒಳಗೊಂದು ಸೀಸೆ, ಪಕ್ಕದ ಗೂಡಿನಲ್ಲಿ ಇಂಚು-ಸೆಂಟಿನ ಗೆರೆ ಹಾಕಿದ ಗಾಜಿನ ಅಳತೆ ಲೋಟ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಬೆಳಗ್ಗೆ ಎದ್ದ ಕೂಡಲೇ ತೋಟದ ಲೆಕ್ಕ ಬರೆಯುವ ರೈಟರು ಸೀಸೆ ಎತ್ತಿ, ನೀರನ್ನು ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಮಳೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರು ರಜೆ ಹಾಕಿದ ದಿನ ಆ ಕೆಲಸ ಮನೆಯ ಮಕ್ಕಳದು. ನನಗೆ ಮಗ್ಗಿ ಪೂರ್ತಿ ಬಾಯಿಗೆ ಬರುವ ಮೊದಲೇ ಸೆಂಟು ಓದಲು ಬರುತ್ತಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಎಷ್ಟೋ ತೋಟದ ಮನೆಗಳಲ್ಲಿ ಇಂಥದ್ದೊಂದು ಪುಸ್ತಕ ಇದೆ. ಇಂದಿಗೂ ಇಲ್ಲಿ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಫೋನ್ ಎತ್ತಿದವರು ಕೇಳುವ ಮೊದಲ ಮಾತು, 'ನಿಮ್ಮಲ್ಲಿ ಎಷ್ಟು ಸೆಂಟು?'

ಈ ಪತ್ರ ಬರೆಯಲು ಕಾರಣ ಒಂದು ನಕ್ಷೆ. ಬೆಳೆಗಾರರ ಸಭೆಯೊಂದರಲ್ಲಿ ನಮ್ಮ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆಯ ಬಣ್ಣದ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರು. ಪಶ್ಚಿಮದಲ್ಲಿ ಕಡುನೀಲಿ, ಅಲ್ಲಿಂದ ಪೂರ್ವಕ್ಕೆ ತಿಳಿನೀಲಿ, ಹಸಿರು, ಕೊನೆಗೆ ಹಳದಿ. ಒಂದು ಬಣ್ಣ ಇನ್ನೊಂದರೊಳಗೆ ಎಷ್ಟು ನಯವಾಗಿ ಕರಗಿತ್ತೆಂದರೆ ನೋಡಲು ಚಂದವೇ. ನಮ್ಮ ತೋಟ ಇರುವ ಜಾಗದಲ್ಲಿ ನಕ್ಷೆ ತೋರಿಸುತ್ತಿದ್ದ ಮಳೆಗೂ ನಮ್ಮ ಪುಸ್ತಕ ಹೇಳುವ ಮಳೆಗೂ ತಾಳೆಯೇ ಇರಲಿಲ್ಲ. ನಕ್ಷೆಯಲ್ಲಿದ್ದದ್ದು ಬಹಳ ಹೆಚ್ಚು. ಎದ್ದು ನಿಂತು ಕೇಳಿದೆ: 'ಇಲ್ಲಿ ಅಳೆದವರು ಯಾರು?' ಉತ್ತರ ಬಂತು: 'ಇಲ್ಲಿ ಯಾರೂ ಅಳೆದಿಲ್ಲ, ಅಕ್ಕಪಕ್ಕದ ಕೇಂದ್ರಗಳಿಂದ ಲೆಕ್ಕ ಹಾಕಿದ್ದು.' ಹೇಳಿದವರು ಪ್ರಾಮಾಣಿಕರು, ಇದ್ದದ್ದನ್ನು ಹೇಳಿದರು. ಆದರೆ ಆ ಮಾತು ನಕ್ಷೆಯ ಮೇಲೆ ಎಲ್ಲೂ ಇರಲಿಲ್ಲ. ಕೇಳದಿದ್ದರೆ ಆ ಸಭೆಯಲ್ಲಿದ್ದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಕೇಳುತ್ತಿರುವುದು ಮುಖ್ಯವಾಗಿ ಇಷ್ಟೇ: ನಕ್ಷೆಯಲ್ಲಿ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ನಕ್ಷೆಯ ಮೇಲೆಯೇ ತೋರಿಸಿ. ಉಳಿದ ಬೇಡಿಕೆಗಳೆಲ್ಲ ಇದರ ಬೆನ್ನಿಗೆ ಬರುತ್ತವೆ. ಯಾಕೆ ಇದು ಇಷ್ಟು ದೊಡ್ಡ ವಿಷಯ ಎಂದು ವಿವರಿಸಲು ನಮ್ಮ ಊರಿನ ನೆಲ ತಿಳಿದಿರಬೇಕು.

ಪುಷ್ಪಗಿರಿಯ ಮಗ್ಗುಲಿನಲ್ಲಿ ಶಾಂತಳ್ಳಿ ಇದೆ. ಮಳೆಗಾಲದಲ್ಲಿ ಕೊಡಗಿನ ಪತ್ರಿಕೆಗಳಲ್ಲಿ ಹೋಬಳಿವಾರು ಮಳೆ ವಿವರ ನೋಡುವವರಿಗೆಲ್ಲ ಗೊತ್ತು, ಭಾಗಮಂಡಲದ ಹಾಗೆ ಶಾಂತಳ್ಳಿಯ ಅಂಕಿಯೂ ಸಾಮಾನ್ಯವಾಗಿ ಮೇಲಿರುತ್ತದೆ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 30 ಕಿ.ಮೀ. ದೂರದಲ್ಲಿ ಕುಶಾಲನಗರ. ಅಲ್ಲಿ ಜೋಳ, ಶುಂಠಿ ಬೆಳೆಯುತ್ತಾರೆ, ಮಳೆ ಕಡಿಮೆಯಾಯಿತೆಂದು ಜೂನ್‌ನಲ್ಲೇ ಆಕಾಶ ನೋಡುತ್ತಾರೆ. ಶಾಂತಳ್ಳಿಯಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಹರಡಿಕೊಂಡಿರುವ ಅದೇ ವಾರ ಕುಶಾಲನಗರದ ರಸ್ತೆಯಲ್ಲಿ ದೂಳು ಏಳುತ್ತಿರುತ್ತದೆ. ಇತ್ತೀಚೆಗೆ ಕುಶಾಲನಗರ ಬೇರೆ ತಾಲೂಕು ಆಗುವವರೆಗೆ ಇವೆರಡೂ ಒಂದೇ ಸೋಮವಾರಪೇಟೆ ತಾಲೂಕಿನೊಳಗೆ ಇದ್ದವು. ಒಂದು ತಾಲೂಕಿಗೆ ಒಂದು ಸರಾಸರಿ ಎಂದರೆ ಎರಡೂ ಊರಿಗೆ ಸಲ್ಲದ ಅಂಕಿ.

ನಮ್ಮ ತೋಟ ಇವೆರಡರ ನಡುವೆ, ಒಂದು ಬೆಟ್ಟದ ಹಿಂಬದಿಯಲ್ಲಿದೆ. ಪಡುವಣ ಗಾಳಿ ಬೆಟ್ಟದ ಆಚೆ ಮಗ್ಗುಲಲ್ಲಿ ಹೊತ್ತು ತಂದದ್ದನ್ನೆಲ್ಲ ಸುರಿದು ಈಚೆಗೆ ಇಳಿಯುತ್ತದೆ. ಬೆಟ್ಟದ ನೆತ್ತಿಯಿಂದ ನಮ್ಮ ಕಣಕ್ಕೆ ಕಾಲುದಾರಿಯಲ್ಲಿ ಒಂದು ಗಂಟೆಯ ನಡಿಗೆ. ಆ ಒಂದು ಗಂಟೆಯಲ್ಲಿ ಮರಗಳ ಮೈಮೇಲಿನ ಪಾಚಿ ತೆಳುವಾಗುತ್ತಾ ಬರುವುದನ್ನು ಬರಿಗಣ್ಣಿನಿಂದ ನೋಡಬಹುದು.

ಈಗ ನಕ್ಷೆ ಮಾಡುವ ಲೆಕ್ಕಕ್ಕೆ ಬರೋಣ. ಬಹಳ ಕಡೆ ಬಳಕೆಯಲ್ಲಿರುವ ವಿಧಾನ ಒಂದಿದೆ, ಶೆಪರ್ಡ್ ಎಂಬವರು 1968ರಲ್ಲಿ ಮುಂದಿಟ್ಟದ್ದು. ಮಾಪಕ ಇಲ್ಲದ ಜಾಗದ ಮಳೆ ತಿಳಿಯಬೇಕಾದರೆ ಸುತ್ತಲಿನ ಮಾಪಕಗಳ ಮಾತು ಕೇಳು. ಹತ್ತಿರದ್ದಕ್ಕೆ ಹೆಚ್ಚು ತೂಕ ಕೊಡು, ದೂರದ್ದಕ್ಕೆ ಕಡಿಮೆ. ಬಯಲುಸೀಮೆಯಲ್ಲಿ, ಜುಲೈ ತಿಂಗಳ ಒಟ್ಟು ಮಳೆಗೆ, ಇದು ತಕ್ಕಮಟ್ಟಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಘಟ್ಟದಲ್ಲಿ? ಒಂದು ಉದಾಹರಣೆ ಹಿಡಿಯಿರಿ: ಬೆಟ್ಟದ ಆಚೆಯ ಮಾಪಕದಲ್ಲಿ 100 ಮಿ.ಮೀ., ಬಯಲಿನ ಮಾಪಕದಲ್ಲಿ 20 ಮಿ.ಮೀ., ನಡುಮಧ್ಯೆ ನಮ್ಮ ತೋಟ. ಲೆಕ್ಕ 60 ಎನ್ನುತ್ತದೆ. ನಡುವೆ ಬೆಟ್ಟ ನಿಂತಿದೆ ಎಂಬುದು ಆ ಸೂತ್ರಕ್ಕೆ ಗೊತ್ತೇ ಇಲ್ಲ. ನಮ್ಮ ಸೀಸೆಯಲ್ಲಿ 25 ಮಾತ್ರ ಸಿಕ್ಕಿರಬಹುದು. 60 ಎಂಬ ಅಂಕಿಯನ್ನು ಯಾರೂ ಎಲ್ಲಿಯೂ ಕಂಡದ್ದಲ್ಲ. ಆದರೆ ಕಂಡ ಎರಡು ಅಂಕಿಗಳ ಜೊತೆ ಅದೂ ಸಮಸಮವಾಗಿ ಕೂತು ನಕ್ಷೆಯ ಬಣ್ಣವಾಗುತ್ತದೆ.

ಭಾರತ ಹವಾಮಾನ ಇಲಾಖೆಯ ಕೆಲಸವನ್ನು ನಾನು ಕೀಳು ಮಾಡುತ್ತಿಲ್ಲ. ಮೊದಲು ದೇಶದ ದೈನಂದಿನ ಮಳೆಯನ್ನು ಅಕ್ಷಾಂಶ-ರೇಖಾಂಶದ ಒಂದು ಡಿಗ್ರಿ ಚೌಕಗಳಲ್ಲಿ, 1,803 ಕೇಂದ್ರಗಳ ದಾಖಲೆಯಿಂದ ಕಟ್ಟಿದರು. ಆ ಚೌಕ ಒಂದೊಂದೂ ಸುಮಾರು 12,000 ಚ.ಕಿ.ಮೀ. ಇಡೀ ಕೊಡಗು 4,102 ಚ.ಕಿ.ಮೀ. ಅಂದರೆ ಅಂಥ ಒಂದು ಚೌಕದ ಮೂರನೇ ಒಂದು ಭಾಗದಷ್ಟು. ಆಮೇಲೆ, 2014ರಲ್ಲಿ ಹೊರತಂದ ದತ್ತಾಂಶದಲ್ಲಿ 6,955 ಕೇಂದ್ರಗಳನ್ನು ಬಳಸಿಕೊಂಡು 1901ರಿಂದ ಈಚಿನ ಮಳೆಯನ್ನು ಕಾಲು ಡಿಗ್ರಿ ಚೌಕಗಳಿಗೆ ಇಳಿಸಿದರು. ಇದು ದೊಡ್ಡ ಸಾಧನೆ. ಸಂಶೋಧಕರು, ನೀರಾವರಿ ಎಂಜಿನಿಯರುಗಳು, ವಿದ್ಯಾರ್ಥಿಗಳು ಎಲ್ಲರಿಗೂ ಅದೇ ಇಂದು ಆಧಾರ. ಹಾಗಿದ್ದೂ ಒಂದು ಚೌಕ ಸುಮಾರು 750 ಚ.ಕಿ.ಮೀ., ಕೊಡಗಿಗೆ ಒಟ್ಟು ಐದಾರು ಚೌಕ. 6,955 ಕೇಂದ್ರಗಳೂ ನೂರಹತ್ತು ವರ್ಷ ಒಂದು ದಿನವೂ ಬಿಡದೆ ಓದಿ ಕೊಟ್ಟವುಗಳೂ ಅಲ್ಲ. ಕೆಲವು ನಡುವೆ ಹುಟ್ಟಿದವು, ಕೆಲವು ನಡುವೆ ನಿಂತವು. ಒಂದು ಚೌಕದೊಳಗೆ ಒಂದು ದಶಕ ಮೂರು ಮಾಪಕ ಇದ್ದು ಮುಂದಿನ ದಶಕದಲ್ಲಿ ಒಂದೇ ಉಳಿದರೆ, ಮಳೆ ಬದಲಾಗದಿದ್ದರೂ ನಕ್ಷೆಯ ಅಂಕಿ ಬದಲಾಗುತ್ತದೆ. ಉಳಿದದ್ದು ಯಾವುದು ಎನ್ನುವುದರ ಮೇಲೆ ನಮ್ಮ ಊರಿನ ಹವಾಮಾನ ಒಣಗಿತೋ ತೇವವಾಯಿತೋ ಎಂದು ತೀರ್ಮಾನವಾಗಿಬಿಡುತ್ತದೆ. ಹವಾಮಾನ ಬದಲಾವಣೆಯ ಬಗ್ಗೆ ಇಷ್ಟು ಮಾತು ನಡೆಯುವ ಕಾಲದಲ್ಲಿ ಇದು ಸಣ್ಣ ಅಪಾಯವಲ್ಲ.

ಉಷ್ಣಾಂಶದ ಸಂಗತಿ ಇನ್ನೂ ತೆಳು. ಅದೇ ಇಲಾಖೆಯ ಒಂದು ಡಿಗ್ರಿ ಉಷ್ಣಾಂಶ ದತ್ತಾಂಶಕ್ಕೆ ಇಡೀ ದೇಶದಿಂದ ಆಧಾರವಾದ ಕೇಂದ್ರಗಳು 395. ಸರಾಸರಿ ಹಂಚಿದರೆ 8,000 ಚ.ಕಿ.ಮೀ.ಗೂ ಹೆಚ್ಚು ಜಾಗಕ್ಕೆ ಒಂದು. ಉಷ್ಣಾಂಶ ಮಳೆಯಷ್ಟು ಥಟ್ಟನೆ ಬದಲಾಗುವುದಿಲ್ಲ ಎಂಬುದು ಸಮಾಧಾನ. ಆದರೆ ಚಳಿಗಾಲದ ಬೆಳಿಗ್ಗೆ ನಮ್ಮ ಗದ್ದೆ ಬಯಲಿಗೂ ಮೇಲಿನ ತೋಟಕ್ಕೂ ಇರುವ ವ್ಯತ್ಯಾಸ ಕಾಳುಮೆಣಸಿನ ಬಳ್ಳಿಗೆ ಗೊತ್ತು.

ಲೋಕದ ನಕ್ಷೆಗಳ ಕಥೆಯೂ ಇದೇ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ವರ್ಲ್ಡ್‌ಕ್ಲಿಮ್ ಎಂಬ ದತ್ತಾಂಶ ಭೂಮಿಯ ನೆಲವನ್ನೆಲ್ಲ ಒಂದು ಕಿ.ಮೀ. ಚೌಕಗಳಲ್ಲಿ ತೋರಿಸುತ್ತದೆ. ಯಾವ ಮರ ಎಲ್ಲಿ ಬೆಳೆದೀತು, ಯಾವ ಬೆಳೆ ಎಲ್ಲಿಗೆ ಸರಿದೀತು ಎಂದು ಬರೆಯುವ ಲೇಖನಗಳಲ್ಲಿ ಬಹಳಷ್ಟು ಇದನ್ನು ನಂಬಿವೆ. 2017ರ ಆವೃತ್ತಿಗೆ ಬಳಸಿದ ಕೇಂದ್ರಗಳು, ಯಾವ ಅಂಶ ಎನ್ನುವುದರ ಮೇಲೆ, 9,000ದಿಂದ 60,000. ಅಂಟಾರ್ಕ್ಟಿಕಾ ಬಿಟ್ಟು ಭೂಮಿಯ ನೆಲ 13 ಕೋಟಿ ಚ.ಕಿ.ಮೀ. ದಾಟುತ್ತದೆ. ಅಂದರೆ ಎರಡು ಸಾವಿರ ಚೌಕಗಳಿಗೆ ಒಂದು ಮಾಪಕವೂ ಬರುವುದಿಲ್ಲ, ಉಳಿದದ್ದೆಲ್ಲ ಲೆಕ್ಕ. ಚೌಕ ಸಣ್ಣದಾದಷ್ಟೂ ನಕ್ಷೆ ನಿಖರ ಎಂದು ನೋಡುವವರಿಗೆ ಅನ್ನಿಸುತ್ತದೆ. ಚೌಕ ಸಣ್ಣದು ಮಾಡುವುದು ಕಂಪ್ಯೂಟರಿನ ಕೆಲಸ. ಮಾಪಕ ಹೆಚ್ಚು ಮಾಡುವುದು ಮನುಷ್ಯರ ಕೆಲಸ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದ (ಸಿ.ಆರ್.ಯು.) ದತ್ತಾಂಶದಲ್ಲಿ, ಮಳೆಯ ವಿಷಯಕ್ಕೆ 450 ಕಿ.ಮೀ. ಒಳಗೆ ಆ ತಿಂಗಳು ಯಾವ ಕೇಂದ್ರವೂ ವರದಿ ಮಾಡದಿದ್ದರೆ ಆ ಜಾಗಕ್ಕೆ ಹಳೆಯ ಸರಾಸರಿಯನ್ನೇ ತುಂಬುತ್ತಾರೆ. ಅವರು ಇದನ್ನು ಬಚ್ಚಿಡುವುದಿಲ್ಲ, ದತ್ತಾಂಶದ ಜೊತೆಗೆ ಎಷ್ಟು ಕೇಂದ್ರಗಳು ಕೊಡುಗೆ ಕೊಟ್ಟವು ಎಂಬ ಎಣಿಕೆಯನ್ನೂ ಕೊಡುತ್ತಾರೆ. ನಾನು ಕೇಳುತ್ತಿರುವುದೂ ಇದನ್ನೇ.

ಎತ್ತರವನ್ನು ಲೆಕ್ಕಕ್ಕೆ ಸೇರಿಸಿದರೆ ಸಾಕಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಉಷ್ಣಾಂಶಕ್ಕೆ ಒಳ್ಳೆಯ ಉಪಾಯ, ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಳೆಗೆ ನಮ್ಮ ಘಟ್ಟ ಆ ನಿಯಮ ಒಪ್ಪುವುದಿಲ್ಲ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಅಲ್ಲಿ ವರ್ಷಕ್ಕೆ 7,600 ಮಿ.ಮೀ. ಆಸುಪಾಸು ಮಳೆ. ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದೆ, ರಾಜ್ಯದ ಅತಿ ಎತ್ತರದ ಶಿಖರ, ಆದರೆ ಮಳೆಯಲ್ಲಿ ಆಗುಂಬೆಯ ಹತ್ತಿರವೂ ಬರುವುದಿಲ್ಲ. ಕಾರಣ ನೇರ: ಆಗುಂಬೆ ಕರಾವಳಿಗೆ ಮುಖ ಮಾಡಿ ನಿಂತ ಘಟ್ಟದ ಅಂಚು, ಕಡಲ ಗಾಳಿ ಮೊದಲು ಡಿಕ್ಕಿ ಹೊಡೆಯುವ ಗೋಡೆ. ಮುಳ್ಳಯ್ಯನಗಿರಿ ಇರುವ ಬಾಬಾಬುಡನ್ ಗಿರಿಗೆ ತಲುಪುವಷ್ಟರಲ್ಲಿ ಆ ಗಾಳಿ ಅರ್ಧ ಹಗುರಾಗಿರುತ್ತದೆ. ಎತ್ತರಕ್ಕಿಂತ ಮಗ್ಗುಲು ಮುಖ್ಯ, ಮಗ್ಗುಲಿಗಿಂತ ಮುಂದೆ ಎಷ್ಟು ಬೆಟ್ಟಗಳು ಅಡ್ಡ ನಿಂತಿವೆ ಎನ್ನುವುದು ಮುಖ್ಯ. ಇದನ್ನು ಸೂತ್ರಕ್ಕೆ ಕಲಿಸಬೇಕಾದರೂ ಕಲಿಸಲು ಮಾಪಕಗಳು ಬೇಕು, ಇಳಿಜಾರಿನ ಎರಡೂ ಬದಿಯಲ್ಲಿ.

ಉಪಗ್ರಹಗಳೂ ಪೂರ್ತಿ ಕೈಹಿಡಿಯುವುದಿಲ್ಲ. ಮುಂಗಾರಿನಲ್ಲಿ ಘಟ್ಟಕ್ಕೆ ಮಳೆ ಸುರಿಸುವ ಮೋಡಗಳಲ್ಲಿ ಬಹಳಷ್ಟು ತಗ್ಗಿನವು, ನೆತ್ತಿ ಅಷ್ಟೇನೂ ತಣ್ಣಗಿಲ್ಲದವು. ಮೇಲಿನಿಂದ ನೋಡುವ ಕಣ್ಣಿಗೆ ಅವು ಬಡ ಮೋಡಗಳಾಗಿ ಕಾಣುತ್ತವೆ, ಕೆಳಗೆ ಹಗಲು-ರಾತ್ರಿ ಹೊಯ್ಯುತ್ತಲೇ ಇರುತ್ತವೆ. ಆ ತಪ್ಪನ್ನು ತಿದ್ದಲು ಕೊನೆಗೆ ನೆಲದ ಮೇಲಿನ ಮಾಪಕದ ಬಳಿಗೇ ಬರಬೇಕು.

ಮಾಪಕಗಳ ವಿರಳತೆ ಯಾರಿಗೆ ಹೆಚ್ಚು ಹೊಡೆತ ಕೊಡುತ್ತದೆ ಎಂದರೆ ಹೂ ಮಳೆಯನ್ನು ಕಾಯುವವರಿಗೆ. ಕಾಫಿ ಬೆಳೆಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಾರ್ಚ್-ಏಪ್ರಿಲಿನಲ್ಲಿ, ಮೊಗ್ಗು ಬಲಿತು ನಿಂತ ಹೊತ್ತಿನಲ್ಲಿ, ಒಂದಿಂಚಿನಷ್ಟು ಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಅರ್ಧಕ್ಕೆ ನಿಂತರೆ ಮೊಗ್ಗು ಕಂದಿ ಹೋಗುತ್ತದೆ. ಆಮೇಲೆ ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬೇಕು, ಕಾಯಿ ಕಚ್ಚಲು. ಒಂದು ವರ್ಷದ ಸಂಸಾರ ಈ ಎರಡು ಮಳೆಗಳ ಮೇಲೆ ನಿಂತಿದೆ. ಇವು ಮುಂಗಾರಿನಂತೆ ದೇಶಕ್ಕೆಲ್ಲ ಹೊದಿಕೆ ಹೊದಿಸುವ ಮಳೆಗಳಲ್ಲ. ಮಧ್ಯಾಹ್ನದ ಕಾವಿಗೆ ಎದ್ದ ಒಂಟಿ ಮೋಡ, ಗುಡುಗು, ಅರ್ಧ ಗಂಟೆ ಬಿರುಸು, ಮುಗಿಯಿತು. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯದು ಎಂದು ಹಿರಿಯರು ಹೇಳುವುದು ಇಂಥ ಮಳೆಗೇ. ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟು ಬಿದ್ದು, ಹಳ್ಳದಾಚೆಯ ತೋಟಕ್ಕೆ ಇಪ್ಪತ್ತು ಸೆಂಟು ಬಿದ್ದ ಸಂಜೆಗಳು ಪುಸ್ತಕದಲ್ಲಿ ಇವೆ. ಜುಲೈನ ಮಳೆಗೆ ಹತ್ತು ಕಿ.ಮೀ. ದೂರದ ಮಾಪಕ ಏನೋ ಒಂದು ಸುಳಿವು ಕೊಟ್ಟೀತು. ಏಪ್ರಿಲಿನ ಮಳೆಗೆ ಮೂರು ಕಿ.ಮೀ. ದೂರದ್ದೂ ಸಾಕ್ಷಿ ಹೇಳಲಾರದು. ಆದರೆ ವರ್ಷದ ಹನ್ನೆರಡು ತಿಂಗಳ ನಕ್ಷೆಗಳನ್ನೂ ಒಂದೇ ಮಾಪಕಗಳಿಂದ, ಒಂದೇ ನಂಬಿಕೆಯಿಂದ ಬರೆದು ಒಂದೇ ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ.

ಜಾಗತಿಕ ಹವಾಮಾನ ಸಂಸ್ಥೆಯ ಮಾರ್ಗಸೂಚಿ ಬೆಟ್ಟಸೀಮೆಗೆ ಕನಿಷ್ಠ 250 ಚ.ಕಿ.ಮೀ.ಗೆ ಒಂದು ಮಳೆಮಾಪಕ ಇರಲಿ ಎನ್ನುತ್ತದೆ. ಕೊಡಗಿನ 4,102 ಚ.ಕಿ.ಮೀ.ಗೆ ಲೆಕ್ಕ ಹಾಕಿದರೆ ಹದಿನಾರು-ಹದಿನೇಳು. ನಮ್ಮ ಹೋಬಳಿಗಳೇ ಹದಿನಾರು. ಅಂದರೆ ಹೋಬಳಿಗೊಂದು ಇಟ್ಟರೆ ಪರೀಕ್ಷೆ ಪಾಸು. ಪಾಸಾದ ಮೇಲೂ ನಾನು ಮೇಲೆ ಹೇಳಿದ ತಪ್ಪುಗಳೆಲ್ಲ ಹಾಗೇ ಇರುತ್ತವೆ. ಕನಿಷ್ಠವನ್ನು ಮುಟ್ಟಿದ್ದೇವೆ ಎಂಬ ವರದಿ ಘಟ್ಟದ ಜನರಿಗೆ ಉತ್ತರವಾಗಲಾರದು.

ಇನ್ನೊಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿದೆ. ಜಗತ್ತಿನ ಮಳೆ ದತ್ತಾಂಶ ಕೂಡಿಸುವ ಕೇಂದ್ರಕ್ಕೆ ಲಭ್ಯವಿರುವ ಮಾಪಕಗಳ ಬಾಯಿಗಳನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಫುಟ್‌ಬಾಲ್ ಮೈದಾನದ ಅರ್ಧವೂ ಆಗುವುದಿಲ್ಲ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಜಿಲ್ಲೆಗೆ ಅದನ್ನೇ ಮಾಡಿ ನೋಡಿದೆ. ನೂರು ಮಾಪಕ, ಒಂದೊಂದಕ್ಕೆ 200 ಚ.ಸೆಂ.ಮೀ. ಬಾಯಿ ಎಂದುಕೊಂಡರೆ ಒಟ್ಟು ಎರಡು ಚದರ ಮೀಟರ್. ಒಬ್ಬರು ಮಲಗುವ ಚಾಪೆಯಷ್ಟು. ಆ ಚಾಪೆಯ ಮೇಲೆ ಬಿದ್ದ ನೀರಿನಿಂದ ನಾವು ಕಾವೇರಿಗೆ ಎಷ್ಟು ಬಂತು, ಹಾರಂಗಿ ಯಾವಾಗ ತುಂಬೀತು, ಕೆ.ಆರ್.ಎಸ್.ಗೆ ಎಷ್ಟು ಒಳಹರಿವು ಎಂದು ಅಂದಾಜು ಮಾಡುತ್ತೇವೆ. ಎರಡು ರಾಜ್ಯಗಳು ಅದರ ಮೇಲೆ ನ್ಯಾಯಾಲಯದಲ್ಲಿ ವಾದ ಮಾಡುತ್ತವೆ.

ಈಗ ಕರ್ನಾಟಕದ ಒಳ್ಳೆಯ ಸುದ್ದಿ, ಅದನ್ನು ಮನಸಾರೆ ಹೇಳುತ್ತೇನೆ. 1988ರಲ್ಲಿ ಬರ ಉಸ್ತುವಾರಿಗೆಂದೇ ಒಂದು ಕೋಶ ಕಟ್ಟಿದ ರಾಜ್ಯ ನಮ್ಮದು. ಅದೇ ಬೆಳೆದು ಇಂದಿನ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ದೇಶದ ಬೇರೆ ರಾಜ್ಯಗಳು ನೋಡಿ ಕಲಿಯಬೇಕಾದ ಜಾಲ ಅದು. ನನ್ನ ತಲೆಮಾರಿನವರು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೆ ಹವಾಮಾನ ಎಂಬುದು ಮೂವತ್ತು ವರ್ಷದ ಮಾತು. ಒಂದು ಊರಿನ ವಾಡಿಕೆ ಮಳೆ ಎಂದು ಹೇಳಬೇಕಾದರೆ ಮೂವತ್ತು ವರ್ಷದ ದಾಖಲೆ ಬೇಕು, ಈಗ ಬಳಕೆಗೆ ಬಂದಿರುವ ಅವಧಿ 1991ರಿಂದ 2020. ಟೆಲಿಮೆಟ್ರಿಕ್ ಮಾಪಕಗಳಲ್ಲಿ ಹೆಚ್ಚಿನವು ಕಳೆದ ಒಂದೂವರೆ ದಶಕದಲ್ಲಿ ಬಂದವು. ಅಂದರೆ ಇಂದು ಬಿದ್ದ ಮಳೆಯನ್ನು ದಟ್ಟವಾದ ಜಾಲದಲ್ಲಿ ಅಳೆಯುತ್ತೇವೆ, ಅದನ್ನು ಹೋಲಿಸುವ ವಾಡಿಕೆಯನ್ನು ಮಾತ್ರ ವಿರಳವಾದ ಹಳೆಯ ಜಾಲದಿಂದ ತೆಗೆದುಕೊಳ್ಳುತ್ತೇವೆ. 2023ರ ಹೊತ್ತಿಗೆ ತಾಲೂಕುಗಳು 236 ಆಗಿದ್ದವು, ಹಳೆಯ ಮಾಪಕಗಳು ಹಳೆಯ ತಾಲೂಕು ಕಚೇರಿಗಳ ಅಂಗಳದಲ್ಲೇ ಇದ್ದವು. ಆ ವರ್ಷ 223 ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ಘೋಷಣೆಗೆ ಮಳೆಯ ಕೊರತೆ ಶೇಕಡಾ ಎಷ್ಟು ಎಂಬುದು ಮೊದಲ ಮೆಟ್ಟಿಲು. ಕೊರತೆ ಎಂದರೆ ವಾಡಿಕೆಯಿಂದ ಬಿದ್ದದ್ದನ್ನು ಕಳೆದು ಉಳಿದದ್ದು. ವಾಡಿಕೆಯೇ ಊಹೆಯಾಗಿದ್ದರೆ, ಬಯಲಿನ ಅಂಚಿನ ಹಳ್ಳಿಯ ವಾಡಿಕೆಯನ್ನು ಬೆಟ್ಟದ ಮಾಪಕ ಮೇಲಕ್ಕೆ ಎಳೆದಿದ್ದರೆ, ಅಲ್ಲಿ ಸಹಜ ವರ್ಷವೂ ಕೊರತೆಯ ವರ್ಷವಾಗಿ ಕಾಣುತ್ತದೆ. ಬೆಟ್ಟದ ಹಳ್ಳಿಯ ವಾಡಿಕೆಯನ್ನು ಬಯಲಿನ ಮಾಪಕ ಕೆಳಕ್ಕೆ ಎಳೆದಿದ್ದರೆ ನಿಜವಾದ ಬರ ಕಾಗದದಲ್ಲಿ ಕಾಣುವುದೇ ಇಲ್ಲ. ಒಂದು ಹಳ್ಳಿಗೆ ಬರಬೇಕಾದ ಪರಿಹಾರ ಹೀಗೆ ಯಾರ ಕೆಟ್ಟ ಉದ್ದೇಶವೂ ಇಲ್ಲದೆ ತಪ್ಪಿಹೋಗಬಹುದು.

ಬೆಳೆ ವಿಮೆಯ ಅನುಭವ ಮನೆಯದೇ. ನನ್ನ ತಂಗಿಯ ಮನೆಯವರು ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿದ್ದರು. ಒಂದು ವರ್ಷ ಬಿಡದೆ ಹೊಯ್ದ ಮಳೆಗೆ ಬಳ್ಳಿಗಳು ಸೊರಗು ರೋಗ ಬಂದು ಸಾಲುಸಾಲಾಗಿ ಹೋದವು. ಪರಿಹಾರ ಬರಲಿಲ್ಲ. ನಿಗದಿಯಾದ ಮಾಪಕದ ಪ್ರಕಾರ ಮಳೆ ಆ ಮಿತಿಯನ್ನು ಮುಟ್ಟಿರಲಿಲ್ಲ. ಮಾಪಕ ಎಲ್ಲಿದೆ ಎಂದು ಹುಡುಕಿಕೊಂಡು ಹೋದೆವು. ಒಂದು ಕಟ್ಟಡದ ಗೋಡೆಗೆ ತೀರ ಸಮೀಪ, ಮೇಲೆ ಹಲಸಿನ ಕೊಂಬೆ, ಆಲಿಕೆಯ ತುಂಬ ತರಗೆಲೆ. ಮಾಪಕದಿಂದ ಒಂದು ವಸ್ತುವಿರುವ ದೂರ ಆ ವಸ್ತುವಿನ ಎತ್ತರದ ಎರಡು ಪಟ್ಟಾದರೂ ಇರಬೇಕು ಎಂಬ ನಿಯಮ ನನ್ನ ಅಜ್ಜನಿಗೇ ಗೊತ್ತಿತ್ತು. ಅದು ಕೆಟ್ಟು ನಿಂತಿದ್ದ ದಿನಗಳಿಗೆ ಅಕ್ಕಪಕ್ಕದ ಎರಡು ಮಾಪಕಗಳ ಸರಾಸರಿಯನ್ನು ತುಂಬಿದ್ದರು ಎಂದು ಆಮೇಲೆ ತಿಳಿಯಿತು. ಯಾರನ್ನೂ ಹೆಸರಿಸಿ ದೂರಲು ಇದನ್ನು ಬರೆಯುತ್ತಿಲ್ಲ. ತುಂಬಿದ ಅಂಕಿ, ಓದಿದ ಅಂಕಿ ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಅಕ್ಷರದಲ್ಲಿ ಇದ್ದವು. ಬೇರೆ ಬಣ್ಣದಲ್ಲಿದ್ದಿದ್ದರೆ ನಮಗೆ ಮೊದಲ ದಿನವೇ ಕೇಳುವ ಪ್ರಶ್ನೆ ಸಿಗುತ್ತಿತ್ತು.

ಮಾಪಕ ಸರಿ ಇದ್ದರೂ ಅದಕ್ಕೊಂದು ಸ್ವಭಾವ ಇದೆ. ಟೆಲಿಮೆಟ್ರಿಕ್ ಮಾಪಕಗಳಲ್ಲಿ ಸಾಮಾನ್ಯವಾಗಿ ಪುಟ್ಟ ಬಟ್ಟಲೊಂದು ತುಂಬಿದ ಕೂಡಲೇ ಮಗುಚುತ್ತದೆ, ಮಗುಚಿದ್ದನ್ನು ಯಂತ್ರ ಎಣಿಸುತ್ತದೆ. ಜಡಿಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ಆ ನೀರು ಎಣಿಕೆಗೆ ಸಿಗುವುದಿಲ್ಲ. ಹೀಗಾಗಿ ಅತಿ ಬಿರುಸಿನ ಮಳೆಯನ್ನು ಅದು ಸ್ವಲ್ಪ ಕಡಿಮೆ ಹೇಳುತ್ತದೆ. ಘಟ್ಟದಲ್ಲಿ ನಮಗೆ ಸರಿಯಾಗಿ ಬೇಕಾದದ್ದು ಅದೇ ಮಳೆ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಜೀವ ಎಲ್ಲ ಹೋದವು. ಆಮೇಲೆ ಬಂದವರೆಲ್ಲ ಕೇಳಿದ ಪ್ರಶ್ನೆ, ಎಷ್ಟು ಮಳೆ ಬಿದ್ದಾಗ ಈ ಗುಡ್ಡ ಜಾರಿತು? ಆ ಉತ್ತರ ಗೊತ್ತಿದ್ದರೆ ಮುಂದಿನ ಬಾರಿ ಜನರನ್ನು ಮುಂಚೆಯೇ ಇಳಿಸಬಹುದು. ಆದರೆ ಜಾರುವ ಗುಡ್ಡ ಇರುವುದು ಮೇಲೆ, ಮಾಪಕ ಇರುವುದು ಪಂಚಾಯಿತಿ ಕಟ್ಟಡದ ಬಳಿ, ಕೆಳಗೆ ರಸ್ತೆ ಬದಿಯಲ್ಲಿ. ನಮ್ಮ ನೆರೆಯ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯ ತುಂಬ ಸುಮಾರು 200 ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ, ಪುತ್ತುಮಲದಲ್ಲಿ ಒಂದೇ ದಿನ 372 ಮಿ.ಮೀ. ಬಿದ್ದಿತ್ತೆಂದು ಲೋಕಕ್ಕೆ ತಿಳಿದದ್ದು ಅಂಥ ಒಂದು ಮಾಪಕದಿಂದ. ಇಡೀ ಜಿಲ್ಲೆಯ ಸರಾಸರಿ ನೋಡಿದವರಿಗೆ ಆ ಒಂದು ಕಣಿವೆಯ ಮಳೆ ಕಾಣುತ್ತಿರಲಿಲ್ಲ.

ಹಾಗಾಗಿ ನನ್ನ ಎರಡನೆಯ ಬೇಡಿಕೆ, ಮಾಪಕಗಳ ಜಾಗದ ಬಗ್ಗೆ. ಪಂಚಾಯಿತಿಗೊಂದು ಎಂಬುದು ಆಡಳಿತದ ಲೆಕ್ಕ, ಮಳೆಗೆ ಪಂಚಾಯಿತಿಯ ಗಡಿ ಗೊತ್ತಿಲ್ಲ. ಘಟ್ಟದ ಜಿಲ್ಲೆಗಳಲ್ಲಿ ಗಾಳಿ ಬದಿಯ ಇಳಿಜಾರು, ನೆತ್ತಿ, ಮಳೆ ನೆರಳಿನ ಬದಿ ಎಂದು ನೋಡಿ ಇಡಿ. ಅರಣ್ಯ ಇಲಾಖೆಯ ಕಳ್ಳಬೇಟೆ ತಡೆ ಶಿಬಿರಗಳು ಮೇಲಿವೆ, ಅಲ್ಲಿ ಸಿಬ್ಬಂದಿ ವರ್ಷವಿಡೀ ಇರುತ್ತಾರೆ. ಯಂತ್ರದ ಪಕ್ಕದಲ್ಲಿ ಕೈಯಿಂದ ಓದುವ ಒಂದು ಸಾದಾ ಮಾಪಕವೂ ಇರಲಿ. ಹಳೆಯದನ್ನು ತೆಗೆದು ಹೊಸದು ಇಡುವಾಗ ಎರಡು ಮಳೆಗಾಲವಾದರೂ ಎರಡನ್ನೂ ಜೊತೆಗೆ ಓದಿಸಿ. ಇಲ್ಲದಿದ್ದರೆ ಯಂತ್ರ ಬದಲಾದದ್ದನ್ನು ಹವಾಮಾನ ಬದಲಾಯಿತು ಎಂದು ಮುಂದಿನವರು ಓದಿಬಿಡುತ್ತಾರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ತೋಟಗಳ ಮಳೆ ಪುಸ್ತಕಗಳನ್ನು ಉಳಿಸಿ. ಹೊಸ ಮಾಪಕ ಎಷ್ಟು ಇಟ್ಟರೂ ಅದು 1965ರ ಮಳೆಯನ್ನು ಅಳೆಯಲಾರದು. ಮೂವತ್ತು ವರ್ಷದ ವಾಡಿಕೆಗೆ ಬೇಕಾದ, ನಕ್ಷೆಯಲ್ಲಿ ಖಾಲಿ ಇರುವ, ಅದೇ ಇಳಿಜಾರುಗಳ ದಾಖಲೆ ಕಬ್ಬಿಣದ ಪೆಟ್ಟಿಗೆಗಳಲ್ಲಿ, ಅಟ್ಟದ ಮೇಲೆ, ಆಳುಗಳ ಹಾಜರಿ ಬರೆದ ಹಳೆಯ ಚೆಕ್‌ರೋಲುಗಳ ಕಟ್ಟಿನೊಳಗೆ ಇದೆ. ತೋಟ ಮಾರಿ ಬೆಂಗಳೂರಿಗೆ ಹೋಗುವವರು ಅವನ್ನು ರದ್ದಿಗೆ ಹಾಕುತ್ತಿದ್ದಾರೆ. ರೆಸಾರ್ಟ್ ಆದ ಒಂದು ಬಂಗಲೆಯಲ್ಲಿ ಚರ್ಮದ ರಟ್ಟಿನ ಅಂಥ ಪುಸ್ತಕವನ್ನು ಗೋಡೆಯ ಅಲಂಕಾರಕ್ಕೆ ಇಟ್ಟದ್ದನ್ನು ಕಂಡೆ. ಅದರೊಳಗೆ ಬರೆದದ್ದನ್ನು ಯಾರೂ ನಕಲು ಮಾಡಿಕೊಂಡಿರಲಿಲ್ಲ.

ಈ ಪುಸ್ತಕಗಳಲ್ಲಿ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಭಾನುವಾರ ಓದದೆ ಸೋಮವಾರ ಎರಡೂ ದಿನದ್ದನ್ನು ಸೇರಿಸಿ ಬರೆದ ವಾರಗಳಿವೆ. ಇಲಾಖೆ ಬೆಳಿಗ್ಗೆ ಎಂಟೂವರೆಗೆ ಓದಿದರೆ ನಮ್ಮ ರೈಟರು ಆಳುಗಳ ಹಾಜರಿಗೆ ಮುಂಚೆ, ಏಳಕ್ಕೆ ಓದುತ್ತಿದ್ದರು. ನಮ್ಮ ಮಾಪಕದ ಪಕ್ಕದ ಸಿಲ್ವರ್ ಓಕ್ ಬೆಳೆದು ಅಡ್ಡ ಬಂದಾಗ ತಂದೆ ಅದನ್ನು ಕಣದ ಇನ್ನೊಂದು ಮೂಲೆಗೆ ಸರಿಸಿದರು, ಯಾವ ದಿನ ಎಂದು ಬರೆದಿಟ್ಟಿಲ್ಲ. ಇಂಚನ್ನು ಮಿಲಿಮೀಟರ್ ಮಾಡುವಾಗ ಎಡವಿದ ಪುಟಗಳೂ ಇವೆ. ಇವನ್ನು ಪತ್ತೆ ಹಚ್ಚುವ ವಿದ್ಯೆ ನಿಮ್ಮಲ್ಲಿದೆ. ನೆರೆಯ ನಾಲ್ಕಾರು ಪುಸ್ತಕಗಳ ಮೊತ್ತಕ್ಕೆ ಇದರ ಮೊತ್ತವನ್ನು ವರ್ಷದಿಂದ ವರ್ಷಕ್ಕೆ ಹೋಲಿಸುತ್ತಾ ಹೋದರೆ ಮಾಪಕ ಸರಿದ ವರ್ಷ ಗೆರೆ ಬಾಗಿ ತಾನೇ ಹೇಳುತ್ತದೆ. ಸರ್ಕಾರಿ ಮಾಪಕಗಳ ದಾಖಲೆಗೂ ನೀವು ಮಾಡುವುದು ಇದನ್ನೇ ಅಲ್ಲವೇ? ಬರೆದವರು ರೈತರು ಎಂಬ ಕಾರಣಕ್ಕೆ ಐವತ್ತು-ಅರವತ್ತು ವರ್ಷದ ದಾಖಲೆಯನ್ನು ಬದಿಗಿಟ್ಟು, ಯಾರೂ ನೋಡದ ಜಾಗಕ್ಕೆ ಸೂತ್ರದಿಂದ ಬಂದ ಅಂಕಿಯನ್ನು ನಂಬುವುದು ವಿಜ್ಞಾನ ಎಂದು ನನಗೆ ಅನ್ನಿಸುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಮಿಷನ್ ಮೌಸಮ್ ಯೋಜನೆಗೆ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ರಾಡಾರ್ ಬರಲಿ, ಸೂಪರ್ ಕಂಪ್ಯೂಟರ್ ಬರಲಿ, ಬೇಡ ಎನ್ನುವವನು ನಾನಲ್ಲ. ಅಂಥ ಹಣದಲ್ಲಿ ಒಂದು ಸಣ್ಣ ಪಾಲಿನಿಂದ ಪೊನ್ನಂಪೇಟೆಯ ಅರಣ್ಯ ಕಾಲೇಜು, ಬಾಳೆಹೊನ್ನೂರು ಮತ್ತು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಗಳ ವಿದ್ಯಾರ್ಥಿಗಳಿಗೆ ಒಂದೊಂದು ಬೇಸಿಗೆ ಕೆಲಸ ಕೊಡಬಹುದು: ತೋಟದಿಂದ ತೋಟಕ್ಕೆ ಹೋಗಿ ಪುಟಪುಟ ಫೋಟೊ ತೆಗೆದು, ಮಾಪಕ ನಿಂತಿದ್ದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಅಂಕಿಗಳನ್ನು ಎರಡು ಕೈಯಿಂದ ಬೇರೆಬೇರೆ ಟೈಪ್ ಮಾಡಿಸಿ ತಾಳೆ ನೋಡುವುದು. ಮನೆಯವರು ಕಾಫಿ ಕೊಟ್ಟು ಕೂರಿಸುತ್ತಾರೆ, ಆ ಭರವಸೆ ನಾನು ಕೊಡುತ್ತೇನೆ.

ಕೊನೆಗೆ ಮತ್ತೆ ನಕ್ಷೆ. ಮುಂದಿನ ಬಾರಿ ನಮ್ಮ ಜಿಲ್ಲೆಯ ನಕ್ಷೆ ಅಚ್ಚು ಹಾಕುವಾಗ ಮೂರು ಕೆಲಸ ಮಾಡಿ. ಬಳಸಿದ ಪ್ರತಿ ಮಾಪಕಕ್ಕೂ ಒಂದು ಚುಕ್ಕೆ ಇಡಿ, ಅದು ಎಷ್ಟು ವರ್ಷ ಓದಿದೆ ಎನ್ನುವುದಕ್ಕೆ ತಕ್ಕಂತೆ ದೊಡ್ಡದೋ ಚಿಕ್ಕದೋ. ಹತ್ತಿರದಲ್ಲಿ ಯಾವ ಚುಕ್ಕೆಯೂ ಇಲ್ಲದ ಕಡೆ ಬಣ್ಣದ ಮೇಲೆ ಓರೆಗೆರೆ ಹಾಕಿ. ಒಂದೊಂದು ಮಾಪಕವನ್ನು ಬದಿಗಿಟ್ಟು ಉಳಿದವುಗಳಿಂದ ಅದರ ಮಳೆಯನ್ನು ಲೆಕ್ಕ ಹಾಕಿದರೆ ಎಷ್ಟು ತಪ್ಪು ಬರುತ್ತದೆ ಎಂಬ ಅಂಕಿಯನ್ನು ತಿಂಗಳುವಾರು ಮೂಲೆಯಲ್ಲಿ ಮುದ್ರಿಸಿ. ಈ ಲೆಕ್ಕ ನಿಮಗೆ ಹೊಸದಲ್ಲ, ನಿಮ್ಮ ತಜ್ಞರು ಬಲ್ಲರು. ಅದು ಅವರ ಲೇಖನಗಳಿಂದ ತಹಸೀಲ್ದಾರರ, ವಿಮೆಯವರ, ನಮ್ಮಂಥವರ ಕೈಗೆ ಸಿಗುವ ನಕ್ಷೆಗೆ ಬರಲಿ.

ನಮ್ಮ ಮನೆಯ ಪುಸ್ತಕಗಳು ಏಳು. ಮೊದಲನೆಯದರ ಅಂಚನ್ನು ಗೆದ್ದಲು ತಿಂದಿದೆ, ಎರಡು ವರ್ಷದ ಆಷಾಢದ ಪುಟಗಳು ಅಂಟಿಕೊಂಡಿವೆ, ಬಿಡಿಸಲು ನನಗೆ ಧೈರ್ಯ ಬಂದಿಲ್ಲ. ಉಳಿದವು ಓದುವ ಹಾಗಿವೆ. ಈ ಬೆಳಿಗ್ಗೆ ಸೀಸೆಯಲ್ಲಿ ಹದಿನಾಲ್ಕು ಸೆಂಟು ಇತ್ತು, ಬರೆದಿಟ್ಟಿದ್ದೇನೆ. ಹೂ ಮಳೆಗೆ ಮುಂಚೆ ಯಾವ ದಿನ ಬಂದರೂ ಸರಿ, ಪುಸ್ತಕಗಳನ್ನು ಮೇಜಿನ ಮೇಲೆ ತೆಗೆದಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕೊಡಗಿನ ಒಬ್ಬ ಕಾಫಿ ಬೆಳೆಗಾರ